ಜಿಪ್ಸಂ ಕಲ್ಲು ಹುರಿದು ಪ್ಲಾಸ್ಟರ್ ಮಾಡಿಕೊಂಡಿದ್ದು: ನನ್ನ ಅನುಭವ

ಜಿಪ್ಸಂ ಕಲ್ಲಿನ ತೂಕದಲ್ಲಿ ಹೆಚ್ಚುಕಮ್ಮಿ ಐದನೇ ಒಂದು ಪಾಲು ನೀರೇ ಇರುತ್ತದೆ. ಮುಟ್ಟಿದರೆ ಕಲ್ಲು ಒಣಗಿಯೇ ಇದೆ. ಪುಡಿ ಮಾಡಿದರೂ ಕೈಗೆ ಪಸೆ ಹತ್ತುವುದಿಲ್ಲ. ಆದರೂ ಒಂದು ಕಿಲೋ ಶುದ್ಧ ಕಲ್ಲಿನಲ್ಲಿ 209 ಗ್ರಾಂ ನೀರು ಹರಳಿನೊಳಗೇ ಕಟ್ಟಿಕೊಂಡು ಕೂತಿರುತ್ತದೆ. ನಾನು ಪಿಂಗಾಣಿ ಪಾತ್ರೆಗಳಿಗೆ ಪ್ಲಾಸ್ಟರ್ ಅಚ್ಚು ಮಾಡುವವನು. ನನ್ನ ಕೆಲಸದಲ್ಲಿ ಎಲ್ಲವೂ ಈ ನೀರಿನ ಲೆಕ್ಕ. ಎಷ್ಟು ಹೊರಗೆ ಹಾಕಬೇಕು, ಆಮೇಲೆ ಎಷ್ಟು ಒಳಗೆ ಬಿಡಬೇಕು, ಉಳಿದದ್ದನ್ನು ಹೇಗೆ ಒಣಗಿಸಬೇಕು, ಇಷ್ಟೇ.

ಚೀಲದಲ್ಲಿ ಬರುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸಿ ಬಳಸಿ ನನಗೆ ಒಂದು ಕಿರಿಕಿರಿ ಇತ್ತು. ಅದೇ ಹೆಸರಿನ ಚೀಲ, ಅದೇ ಅಳತೆಯ ನೀರು. ಆದರೂ ಒಂದು ಸಲ ಬೇಗ ಗಟ್ಟಿಯಾಗುತ್ತದೆ, ಇನ್ನೊಂದು ಸಲ ಕಾದು ಕಾದು ಸಾಕಾಗುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ಕಲ್ಲಿನಿಂದಲೇ ಶುರು ಮಾಡಬೇಕು ಅನ್ನಿಸಿತು. ದುಡ್ಡು ಉಳಿಸೋಕೆ ಅಂತ ಈ ಕೆಲಸಕ್ಕೆ ಇಳಿಯಬೇಡಿ, ಉಳಿಯುವುದಿಲ್ಲ. ಆದರೆ ಒಂದು ಸಲ ಕಲ್ಲು ಹುರಿದು ನೋಡಿದವರಿಗೆ ಚೀಲದ ಪುಡಿಯ ಗುಣ ಆಮೇಲೆ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ಕೈಯಲ್ಲಿರುವುದು ಜಿಪ್ಸಂ ಹೌದೋ ಅಲ್ಲವೋ ನೋಡಬೇಕಲ್ಲ. ಉಗುರಿನಿಂದ ಗೀರಿ. ಗೆರೆ ಬಿದ್ದರೆ ಅರ್ಧ ಗೆದ್ದಂತೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಜಿಪ್ಸಂ ಜಾಗ 2. ನಮ್ಮ ಉಗುರು ಸುಮಾರು 2.5. ಸುಣ್ಣದ ಕಲ್ಲು, ಅಮೃತಶಿಲೆ 3ರ ಹತ್ತಿರ ಇರುವುದರಿಂದ ಅವಕ್ಕೆ ಉಗುರು ನಾಟುವುದಿಲ್ಲ. ಆಮೇಲೆ ಒಂದು ಹನಿ ವಿನೆಗರ್ ಬಿಡಿ. ಸುಣ್ಣದ ಕಲ್ಲಿನ ಪುಡಿಯಾದರೆ ಸಣ್ಣ ಗುಳ್ಳೆ ಏಳುತ್ತವೆ. ಜಿಪ್ಸಂ ಸುಮ್ನೆ ಇರುತ್ತದೆ. ಬೋರ್ಡಿನ ಮೇಲೆ ಬರೆಯುವ ಸೀಮೆಸುಣ್ಣಕ್ಕೂ ಇದೇ ಪರೀಕ್ಷೆ ಮಾಡಬಹುದು. ಕೆಲವು ಕಡ್ಡಿಗಳು ಗುಳ್ಳೆ ಬಿಡುತ್ತವೆ, ಕೆಲವು ಬಿಡುವುದಿಲ್ಲ. ಬಿಡದವು ಹೆಚ್ಚಾಗಿ ಜಿಪ್ಸಂನವು, ಅಂದರೆ ಪ್ಲಾಸ್ಟರ್ ಕಲಸಿ ಅಚ್ಚಿಗೆ ಹೊಯ್ದವು. ಮೂರನೆಯದು ನನಗೆ ಇಷ್ಟದ ಪರೀಕ್ಷೆ. ಒಂದು ಚಿಟಿಕೆ ಪುಡಿಯನ್ನು ಗಾಜಿನ ಪರೀಕ್ಷಾ ನಳಿಕೆಗೆ ಹಾಕಿ ಬುಡಕ್ಕೆ ಸಣ್ಣ ಉರಿ ಕೊಡಿ. ನಳಿಕೆಯ ಮೇಲ್ಭಾಗದ ತಣ್ಣನೆಯ ಗಾಜಿಗೆ ನೀರಿನ ಹನಿ ಕೂರುತ್ತದೆ. ಒಣಗಿದ ಕಲ್ಲಿನಿಂದ ನೀರು ಹೊರಡುವುದನ್ನು ಕಣ್ಣಾರೆ ನೋಡುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಕಲ್ಲು ಒಂದೇ ಆದರೂ ರೂಪ ಹಲವು. ಗಾಜಿನಂತೆ ತಿಳಿಯಾಗಿರುವುದು ಸೆಲೆನೈಟ್. ಅದನ್ನು ಬ್ಲೇಡಿನಿಂದ ಹಾಳೆ ಹಾಳೆಯಾಗಿ ಎಬ್ಬಿಸಬಹುದು. ಕಾಗೆಬಂಗಾರವನ್ನೂ ಹಾಗೇ ಎಬ್ಬಿಸಬಹುದು, ಆದರೆ ಅದರ ಹಾಳೆ ಬಗ್ಗಿಸಿ ಬಿಟ್ಟರೆ ಚಿಮ್ಮಿ ನೆಟ್ಟಗಾಗುತ್ತದೆ. ಸೆಲೆನೈಟ್ ಬಗ್ಗಿದ್ದು ಬಗ್ಗಿದ ಹಾಗೇ ಉಳಿಯುತ್ತದೆ. ರೋಮನ್ನರು ಇಂಥ ಹಾಳೆಗಳನ್ನೇ ಕಿಟಕಿಗೆ ಹಾಕುತ್ತಿದ್ದರು. ಎಳೆ ಎಳೆಯಾಗಿ ರೇಷ್ಮೆಯ ಹೊಳಪು ಇರುವುದು ಸ್ಯಾಟಿನ್ ಸ್ಪಾರ್. ನುಣ್ಣಗೆ ಒತ್ತೊತ್ತಾಗಿ ಇರುವುದು ಅಲಬಾಸ್ಟರ್, ಕೆತ್ತನೆಗೆ ಹೇಳಿ ಮಾಡಿಸಿದ ಕಲ್ಲು. ಮೆಕ್ಸಿಕೋದ ನೈಕಾ ಗಣಿಯಲ್ಲಿ 2000ನೇ ಇಸವಿಯಲ್ಲಿ ಸುಮಾರು 300 ಮೀಟರ್ ಆಳದಲ್ಲಿ ಒಂದು ಗುಹೆ ಸಿಕ್ಕಿತು. ಅದರೊಳಗಿನ ಸೆಲೆನೈಟ್ ಹರಳುಗಳಲ್ಲಿ ಕೆಲವು 11 ಮೀಟರ್‌ಗೂ ಉದ್ದ. ಬಿಸಿ ನೀರಿನಲ್ಲಿ, ತಾಪಮಾನ ಹೆಚ್ಚು ಏರುಪೇರಾಗದೆ, ಲಕ್ಷಾಂತರ ವರ್ಷ ನಿಧಾನಕ್ಕೆ ಬೆಳೆದವು ಅವು. ನಮಗೆ ಹುರಿಯಲು ಇಂಥ ಚೆಂದದ ಹರಳು ಬೇಡ. ಸಾಧಾರಣ ಬಿಳಿ ಅಥವಾ ಬೂದು ಬಣ್ಣದ ಕಲ್ಲು ಸಾಕು. ಹಳೆಯ ಸಮುದ್ರ, ಸರೋವರಗಳು ಒಣಗುತ್ತಾ ಹೋದಾಗ ತಳದಲ್ಲಿ ಕೂತ ಪದರಗಳಿಂದ ಬರುವಂಥದ್ದು. ನೀರು ಆವಿಯಾಗುತ್ತಾ ಬಂದಂತೆ ಅಡುಗೆ ಉಪ್ಪಿಗಿಂತ ಮೊದಲು ಜಿಪ್ಸಂ ತಳ ಹಿಡಿಯುತ್ತದೆ.

ಕುಟ್ಟುವುದು ಸುಲಭ. ಕಲ್ಲು ಮೆತ್ತಗಿದೆ, ಸುತ್ತಿಗೆಗೆ ಕಷ್ಟವೇ ಕೊಡುವುದಿಲ್ಲ. ಒಡೆದು, ಒರಳಿನಲ್ಲಿ ಅರೆದು, ನುಣುಪಾದ ಜರಡಿ ಹಿಡಿಯುತ್ತೇನೆ. ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಬೇಕೇ ಬೇಕು. ಜಿಪ್ಸಂ ಪುಡಿ ಅಷ್ಟೊಂದು ಕೆಟ್ಟದ್ದಲ್ಲ, ಆದರೆ ಕಲ್ಲಿನ ಜೊತೆ ಮರಳಿನ ಅಂಶ ಬಂದಿದ್ದರೆ ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹುರಿಯುವುದಕ್ಕೆ ಮುಂಚೆ ಕಲ್ಲು ಎಷ್ಟು ಶುದ್ಧ ಅಂತ ತಿಳಿದುಕೊಳ್ಳುತ್ತೇನೆ. ಚೆನ್ನಾಗಿ ಒಣಗಿದ ಪುಡಿ ಸರಿಯಾಗಿ 100 ಗ್ರಾಂ ತೂಗಿ, 250 ಡಿಗ್ರಿ ಓವನ್‌ನಲ್ಲಿ ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಬಿಡುತ್ತೇನೆ. ಇಷ್ಟು ಶಾಖಕ್ಕೆ ನೀರು ಪೂರ್ತಿ ಹೋಗುತ್ತದೆ. ಶುದ್ಧ ಜಿಪ್ಸಂ ಆದರೆ 20.9 ಗ್ರಾಂ ಇಳಿಯಬೇಕು. 18.8 ಮಾತ್ರ ಇಳಿದರೆ ಕಲ್ಲು ಶೇಕಡ 90 ಜಿಪ್ಸಂ, ಉಳಿದದ್ದು ಜೇಡಿಯೋ ಸುಣ್ಣದ ಕಲ್ಲೋ ಇನ್ನೇನೋ. ಈ ಪುಡಿಯನ್ನು ಪ್ಲಾಸ್ಟರ್ ಮಾಡಲು ಬಳಸುವುದಿಲ್ಲ, ಲೆಕ್ಕಕ್ಕೆ ಅಷ್ಟೇ. ಪ್ಲಾಸ್ಟರ್ ಆಗಬೇಕಾದರೆ ಒಟ್ಟು ನೀರಿನಲ್ಲಿ ಮುಕ್ಕಾಲು ಪಾಲು ಹೋಗಬೇಕು, ಕಾಲು ಪಾಲು ಉಳಿಯಬೇಕು. ಎಲ್ಲ ಗುಟ್ಟು ಇರುವುದು ಈ ಕಾಲು ಪಾಲಿನಲ್ಲಿ. ಶುದ್ಧ ಕಲ್ಲು ಒಂದು ಕಿಲೋ ಹಾಕಿದರೆ 843 ಗ್ರಾಂ ಆದಾಗ ಕೆಲಸ ಮುಗಿದಂತೆ.

ಈಗ ಹುರಿಯುವುದು. ಓವನ್‌ನಲ್ಲಿ ಮಾಡಿದರೆ ತಟ್ಟೆಯಲ್ಲಿ ತೆಳ್ಳಗೆ ಹರಡಿ, 150 ಡಿಗ್ರಿ ಇಟ್ಟು, ಆಗಾಗ ಕೆದಕಿ ಕೊಟ್ಟು, ತೂಗಿ ತೂಗಿ ನೋಡಿದರೆ ಸಾಕು. ನನಗೆ ಮಾತ್ರ ಅಗಲದ ಉಕ್ಕಿನ ಬಾಣಲೆಯೇ ಇಷ್ಟ, ಯಾಕೆಂದರೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ಮೊದಲು ಏನೂ ಇಲ್ಲ. ಪುಡಿ ಬಿಸಿಯಾಗುತ್ತದೆ, ಮರದ ಸೌಟಿಗೆ ಭಾರವಾಗಿ ತಾಗುತ್ತದೆ. ಥರ್ಮಾಮೀಟರ್ ನೂರು ದಾಟಿ 120ರ ಹತ್ತಿರ ಬಂದಾಗ ಒಮ್ಮೆಲೇ ಪುಡಿ ಜೀವ ಬಂದ ಹಾಗೆ ಆಡಲು ಶುರು. ಗಂಜಿ ಕುದಿಯುವ ಹಾಗೆ ಬುಳುಕ್ ಬುಳುಕ್ ಅಂತ ಗುಳ್ಳೆ ಏಳುತ್ತದೆ, ಸಣ್ಣ ಸಣ್ಣ ಬಾಯಿ ತೆರೆದು ಆವಿ ಉಗುಳುತ್ತದೆ. ಸೌಟು ಆಡಿಸಿದರೆ ತಡೆಯೇ ಇಲ್ಲ, ನೀರಿನಲ್ಲಿ ಆಡಿಸಿದಷ್ಟು ಹಗುರ. ಒಣ ಪುಡಿ ಕುದಿಯುವುದು ನೋಡಿದವರು ಮರೆಯುವುದಿಲ್ಲ. ಎಷ್ಟೇ ಉರಿ ಕೊಟ್ಟರೂ ಈ ಹೊತ್ತಿನಲ್ಲಿ ತಾಪಮಾನ ಅಲ್ಲೇ ನಿಂತಿರುತ್ತದೆ. ಕೊಟ್ಟ ಶಾಖವೆಲ್ಲ ನೀರನ್ನು ಹರಳಿನಿಂದ ಬಿಡಿಸುವುದಕ್ಕೇ ಖರ್ಚಾಗುತ್ತಿದೆ.

ಈ ಸಮಯದಲ್ಲಿ ಬಾಣಲೆಯ ಮೇಲೆ ಒಂದು ತಣ್ಣನೆಯ ಗಾಜಿನ ತುಂಡು ಹಿಡಿಯುತ್ತೇನೆ. ತಕ್ಷಣ ಮಂಜು ಕೂರುತ್ತದೆ. ಕುದಿತ ಇಳಿಯುತ್ತಾ ಬಂದಂತೆ ಮಂಜು ತೆಳುವಾಗುತ್ತದೆ. ಪುಡಿ ಮತ್ತೆ ಕೆಳಗೆ ಕೂರುತ್ತದೆ, ಸೌಟು ಮತ್ತೆ ಭಾರವಾಗುತ್ತದೆ, ಥರ್ಮಾಮೀಟರ್ ಮೇಲೇರಲು ಹೊರಡುತ್ತದೆ. 150 ದಾಟುವಷ್ಟರಲ್ಲಿ ಉರಿ ಆರಿಸಿ ಬಾಣಲೆ ಕೆಳಗಿಳಿಸಿಬಿಡುತ್ತೇನೆ. ಆಮೇಲೆ ತಕ್ಕಡಿ. ತೂಕ ಲೆಕ್ಕಕ್ಕಿಂತ ಜಾಸ್ತಿ ಇದ್ದರೆ ಒಳಗೆ ಇನ್ನೂ ಹಸಿ ಜಿಪ್ಸಂ ಇದೆ ಎಂದರ್ಥ, ಮತ್ತೆ ಸ್ವಲ್ಪ ಹುರಿಯಬೇಕು. ಕಮ್ಮಿ ಇದ್ದರೆ ಉಳಿಯಬೇಕಾದ ಕಾಲು ಪಾಲಿಗೂ ಕೈ ಬಿದ್ದಿದೆ. ಸ್ವಲ್ಪವೇ ಕಮ್ಮಿಯಾದರೆ ಚಿಂತೆ ಇಲ್ಲ. ಪುಡಿಯನ್ನು ಹರಡಿ ಒಂದೆರಡು ದಿನ ಗಾಳಿಗೆ ಬಿಟ್ಟರೆ, ಗಾಳಿಯ ತೇವ ಹೀರಿ ತಾನೇ ಸರಿಹೋಗುತ್ತದೆ. ಅದಕ್ಕೇ ಹೊಸದಾಗಿ ಹುರಿದ ಪುಡಿಯನ್ನು ಅದೇ ದಿನ ಬಳಸುವುದಿಲ್ಲ. ಆದರೆ ಉರಿ 350 ಡಿಗ್ರಿ ದಾಟಿಸಿ ಸುಟ್ಟರೆ ಪುಡಿ ಸತ್ತಂತೆಯೇ. ನೀರು ಹಾಕಿದರೆ ಗಂಟೆಗಟ್ಟಲೆ ಕೆಸರಾಗಿ ಬಿದ್ದಿರುತ್ತದೆ.

ಚೀಲದ ಪುಡಿಯ ಚಂಚಲತನಕ್ಕೆ ಉತ್ತರ ಇಲ್ಲೇ ಇದೆ. ಹುರಿದದ್ದು ಕಮ್ಮಿಯಾಗಿ ಹಸಿ ಜಿಪ್ಸಂ ಉಳಿದಿದ್ದರೆ ಅದು ಬೇಗ ಗಟ್ಟಿಯಾಗುತ್ತದೆ, ಯಾಕೆಂದರೆ ಆ ಹಸಿ ಕಣಗಳೇ ಹೊಸ ಹರಳಿಗೆ ಬೀಜ. ಚೀಲ ಬಿಚ್ಚಿಟ್ಟು ತೇವ ಕುಡಿದರೂ ಮೊದಮೊದಲು ಹಾಗೇ ಬೇಗ ಹಿಡಿಯುತ್ತದೆ. ತೇವ ಇನ್ನೂ ಜಾಸ್ತಿ ಕುಡಿದರೆ ಗಟ್ಟಿಯಾಗುವ ಶಕ್ತಿಯೇ ಹೋಗಿರುತ್ತದೆ.

ಸುಣ್ಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಸುಣ್ಣದ ಕಲ್ಲು ಸುಡಲು 900 ಡಿಗ್ರಿ ಬೇಕು. ಆ ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ, ಅದಕ್ಕೆ ವಾರಗಳು ಹಿಡಿಯುತ್ತವೆ. ಜಿಪ್ಸಂಗೆ ಸಾಧಾರಣ ಉರಿ ಸಾಕು, ಅರ್ಧ ಗಂಟೆಯಲ್ಲಿ ಕಲ್ಲಾಗುತ್ತದೆ. ಪ್ರಾಚೀನ ಈಜಿಪ್ಟಿನವರು ಪಿರಮಿಡ್ ಕಟ್ಟುವಾಗ ಗಾರೆಗೆ ಬಳಸಿದ್ದು ಜಿಪ್ಸಂ. ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡವನ್ನು ಇದಕ್ಕಾಗಿಯೇ ಬಗೆದು ಬಗೆದು ಗಣಿ ಮಾಡಿದ್ದರು.

ಇನ್ನು ಕಲಸುವ ವಿಷಯ. ಇಲ್ಲಿ ಅವಸರ ಮಾಡುವವರೇ ಜಾಸ್ತಿ. ಮತ್ತೆ ಜಿಪ್ಸಂ ಆಗಲು 100 ಗ್ರಾಂ ಪ್ಲಾಸ್ಟರ್‌ಗೆ ಬೇಕಾದ ನೀರು ಬರೀ 18.6 ಗ್ರಾಂ. ಅಷ್ಟರಲ್ಲಿ ಪುಡಿ ನೆನೆಯುವುದೂ ಇಲ್ಲ, ಹೊಯ್ಯುವ ಮಾತಂತೂ ದೂರ. ಅಚ್ಚಿಗೆ ನಾನು 100ಕ್ಕೆ 70 ಹಾಕುತ್ತೇನೆ. ಗಟ್ಟಿ ಮೂರ್ತಿಯೋ ಫಲಕವೋ ಆದರೆ 60. ಹೆಚ್ಚಿಗೆ ಹಾಕಿದ ನೀರು ಹರಳುಗಳ ಮಧ್ಯೆ ಜಾಗ ಹಿಡಿದಿದ್ದು, ಒಣಗಿದ ಮೇಲೆ ಆ ಜಾಗ ಖಾಲಿ ರಂಧ್ರವಾಗಿ ಉಳಿಯುತ್ತದೆ. ರಂಧ್ರ ಜಾಸ್ತಿಯಾದಷ್ಟೂ ಅಚ್ಚು ನೀರು ಚೆನ್ನಾಗಿ ಹೀರುತ್ತದೆ, ಆದರೆ ಬಲ ಕಮ್ಮಿ. ಹಲ್ಲಿನ ಡಾಕ್ಟರುಗಳು ಅಚ್ಚಿಗೆ ಬಳಸುವ ಡೆಂಟಲ್ ಸ್ಟೋನ್ ಕೂಡ ಇದೇ ಜಿಪ್ಸಂ. ಅದನ್ನು ತೆರೆದ ಬಾಣಲೆಯ ಬದಲು ಒತ್ತಡದ ಹಬೆಯಲ್ಲಿ ಬೇಯಿಸಿರುತ್ತಾರೆ. ಹಾಗೆ ಬಂದ ಕಣಗಳು ಒತ್ತಾಗಿ, ನಯವಾಗಿ ಇರುವುದರಿಂದ ಕಮ್ಮಿ ನೀರಿಗೇ ಹದವಾಗುತ್ತವೆ, ತುಂಬ ಗಟ್ಟಿಯಾಗುತ್ತವೆ.

ಒಂದು ಲೀಟರ್ ಜಾಗ ತುಂಬಲು 70ರ ಲೆಕ್ಕದಲ್ಲಿ ಸುಮಾರು 920 ಗ್ರಾಂ ಪುಡಿ, 645 ಗ್ರಾಂ ನೀರು ಬೇಕು. ಇದನ್ನು ಗೋಡೆಯ ಮೇಲೆ ಬರೆದುಕೊಂಡಿದ್ದೇನೆ. ಕಣ್ಣಂದಾಜು ಬೇಡ, ಎರಡನ್ನೂ ತೂಗಿ.

ನೀರು ಮೊದಲು, ಪುಡಿ ಆಮೇಲೆ. ಪುಡಿಯ ಮೇಲೆ ನೀರು ಸುರಿದರೆ ಗಂಟು, ಗಾಳಿ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ. ಬಕೆಟ್ಟಿನ ನೀರಿನ ಮೇಲೆ ಪುಡಿಯನ್ನು ಬೆರಳ ಸಂದಿನಿಂದ ಉದುರಿಸುತ್ತಾ ಹೋಗಿ. ಮೊದಲು ತಾನಾಗಿ ಮುಳುಗುತ್ತದೆ, ಕೊನೆಗೆ ಸಣ್ಣ ಸಣ್ಣ ದ್ವೀಪಗಳಾಗಿ ಮೇಲೆ ನಿಲ್ಲುತ್ತದೆ. ಮುಟ್ಟಬೇಡಿ. ಒಂದೆರಡು ನಿಮಿಷ ಬಿಟ್ಟರೆ ದ್ವೀಪಗಳು ಬೂದು ಬಣ್ಣಕ್ಕೆ ತಿರುಗಿ ತಾವೇ ಒಳಗಿಳಿಯುತ್ತವೆ. ಕಣಗಳ ಮಧ್ಯದ ಗಾಳಿ ಹೊರಗೆ ಬರುವುದು ಆಗಲೇ. ಆಮೇಲೆ ಕೈಗವಸು ಹಾಕಿದ ಕೈಯನ್ನು ತಳದ ತನಕ ಇಳಿಸಿ, ಅಂಗೈ ಮೇಲಕ್ಕೆ ಮಾಡಿ, ನೀರಿನ ಮೇಲ್ಮೈ ಒಡೆಯದ ಹಾಗೆ ಬೆರಳು ಆಡಿಸುತ್ತೇನೆ. ಗಂಟು ಸಿಕ್ಕರೆ ಹಿಸುಕುತ್ತೇನೆ. ಒಂದು ಮೂರು ನಿಮಿಷ. ಕೈ ಮೇಲೆತ್ತಿದಾಗ ಬಿಳಿ ಲೇಪ ಸಮವಾಗಿ ಕೂತಿರಬೇಕು, ಗವಸಿನ ಬಣ್ಣ ಕಾಣಬಾರದು. ಮೇಲ್ಮೈಯಲ್ಲಿ ಬೆರಳಿನಿಂದ ಗೆರೆ ಎಳೆದರೆ ಒಂದು ಕ್ಷಣ ನಿಂತು ಮುಚ್ಚಿಕೊಳ್ಳಬೇಕು. ಅದೇ ಹೊಯ್ಯುವ ಹದ.

ಹೊಯ್ಯುವಾಗ ಒಂದೇ ಕಡೆಯಿಂದ, ಅಚ್ಚಿನ ಅತಿ ತಗ್ಗಿನ ಜಾಗದಿಂದ ನಿಧಾನಕ್ಕೆ ಏರಿ ಬರಲು ಬಿಡಬೇಕು. ಮಾದರಿಗೆ ಮೊದಲೇ ಮೆದು ಸೋಪು ಹಚ್ಚಿ ಒರೆಸಿರಬೇಕು, ಇಲ್ಲದಿದ್ದರೆ ಅಂಟಿಕೊಳ್ಳುತ್ತದೆ. ಹೊಯ್ದ ಮೇಲೆ ಮೇಜನ್ನು ಮುಷ್ಟಿಯಿಂದ ಮೆಲ್ಲಗೆ ಬಡಿದರೆ ಉಳಿದ ಗುಳ್ಳೆ ಮೇಲೆ ಬರುತ್ತವೆ.

ಆಮೇಲೆ ನೋಡುವುದೊಂದೇ ಕೆಲಸ. ಪ್ಲಾಸ್ಟರ್ ನೀರಿನಲ್ಲಿ ಕರಗುವಷ್ಟು ಜಿಪ್ಸಂ ಕರಗುವುದಿಲ್ಲ. ಜಿಪ್ಸಂ ಒಂದು ಲೀಟರಿಗೆ ಎರಡೂವರೆ ಗ್ರಾಂ ಹತ್ತಿರ ಅಷ್ಟೇ. ಹಾಗಾಗಿ ಪ್ಲಾಸ್ಟರ್ ಕರಗುತ್ತಾ ಹೋದಂತೆ ನೀರಿಗೆ ಹೊರೆ ಜಾಸ್ತಿಯಾಗಿ, ಜಿಪ್ಸಂ ಸೂಜಿ ಸೂಜಿಯಾಗಿ ಹರಳುಗಟ್ಟುತ್ತದೆ. ಸೂಜಿಗಳು ಒಂದರೊಳಗೊಂದು ಹೆಣೆದುಕೊಂಡು ಬಿಗಿಯಾಗುತ್ತವೆ. ಹೊರಗಿನಿಂದ ಕಾಣುವುದು ಇಷ್ಟು: ಮೇಲ್ಮೈಯ ನೀರಿನ ಹೊಳಪು ಇದ್ದಕ್ಕಿದ್ದಂತೆ ಮಾಯವಾಗಿ ಮಂಕಾಗುತ್ತದೆ. ಸ್ವಲ್ಪ ಹೊತ್ತಿಗೆ ಉಗುರು ಒತ್ತಿದರೂ ಇಳಿಯುವುದಿಲ್ಲ. ಆಮೇಲೆ ಅಂಗೈ ಇಟ್ಟರೆ ಬೆಚ್ಚಗಾಗುತ್ತಿರುವುದು ಗೊತ್ತಾಗುತ್ತದೆ. ಹುರಿಯುವಾಗ ಕೊಟ್ಟ ಶಾಖದ ಒಂದು ಪಾಲು ಈಗ ವಾಪಸ್ ಬರುತ್ತಿದೆ. ಬಿಸಿ ಏರಿ, ಇಳಿಯಲು ಶುರುವಾದಾಗ ಅಚ್ಚು ಬಿಚ್ಚುತ್ತೇನೆ. ಗಟ್ಟಿಯಾಗುವಾಗ ಪ್ಲಾಸ್ಟರ್ ಕುಗ್ಗುವುದಿಲ್ಲ, ತುಸು ಹಿಗ್ಗುತ್ತದೆ. ಅದಕ್ಕೇ ಬೆರಳಚ್ಚಿನ ಗೆರೆ ಕೂಡ ಚೊಕ್ಕಟವಾಗಿ ಮೂಡುತ್ತದೆ.

ಈ ಬಿಸಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಪ್ಪ ಗಟ್ಟಿಯೊಳಗೆ 60 ಡಿಗ್ರಿ ಮುಟ್ಟಬಹುದು. 2007ರಲ್ಲಿ ಬ್ರಿಟನ್ನಿನಲ್ಲಿ ಶಾಲಾ ಹುಡುಗಿಯೊಬ್ಬಳು ಕಲೆಯ ತರಗತಿಯಲ್ಲಿ ಪ್ಲಾಸ್ಟರ್ ತುಂಬಿದ ಬಕೆಟ್ಟಿನಲ್ಲಿ ಕೈಯಿಟ್ಟು ಅಚ್ಚು ತೆಗೆಯಲು ಹೋಗಿ ಬೆರಳುಗಳನ್ನೇ ಕಳೆದುಕೊಂಡಳು. ಗಟ್ಟಿಯಾದ ಮೇಲೆ ಕೈ ಹೊರಗೆ ಬರಲಿಲ್ಲ, ಬಿಸಿ ಮಾತ್ರ ಏರುತ್ತಾ ಹೋಯಿತು. ಕೈ ಕಾಲಿನ ಅಚ್ಚು ಬೇಕಾದರೆ ಆಲ್ಜಿನೇಟ್ (ನೀರಿನಲ್ಲಿ ಕಲಸಿದರೆ ರಬ್ಬರಿನಂತೆ ಮೆತ್ತಗೆ ಗಟ್ಟಿಯಾಗುವ ಪುಡಿ) ಬಳಸಿ ಅಚ್ಚು ತೆಗೆದು, ಕೈ ಹೊರಗೆ ಬಂದ ಮೇಲೆ ಅದರೊಳಗೆ ಪ್ಲಾಸ್ಟರ್ ಹೊಯ್ಯಿರಿ. ಮುರಿದ ಮೂಳೆಗೆ ಹಾಕುವ ಪಟ್ಟಿ ಬೇರೆ ಮಾತು, ಅದು ತೆಳು ಪದರ. ಪ್ಲಾಸ್ಟರ್ ಪುಡಿ ತಿಕ್ಕಿದ ಬಟ್ಟೆಯ ಪಟ್ಟಿಯನ್ನು 1850ರ ದಶಕದ ಶುರುವಿನಲ್ಲಿ ಬಳಕೆಗೆ ತಂದವನು ಡಚ್ ಸೇನೆಯ ವೈದ್ಯ ಆಂಟೋನಿಯಸ್ ಮಥೈಸನ್. ಅಲ್ಲಿಯೂ ಪದರ ದಪ್ಪವಾದರೆ, ನೆನೆಸುವ ನೀರು ಬಿಸಿಯಾಗಿದ್ದರೆ ಚರ್ಮ ಸುಡುವ ಅಪಾಯ ಇದ್ದೇ ಇದೆ.

ಬೇಗ ಗಟ್ಟಿಯಾಗಬೇಕೆಂದರೆ ಗಟ್ಟಿಯಾದ ಹಳೆಯ ಪ್ಲಾಸ್ಟರನ್ನೇ ನುಣ್ಣಗೆ ಪುಡಿ ಮಾಡಿ ಒಂದು ಚಿಟಿಕೆ ಹಾಕಿ. ತೊಳೆಯದ ಬಕೆಟ್ಟಿನಲ್ಲಿ ಕಲಸಿದರೆ ಕೈಯಲ್ಲೇ ಗಟ್ಟಿಯಾಗಿಬಿಡುವುದೂ ಇದೇ ಕಾರಣಕ್ಕೆ. ಚಿಟಿಕೆ ಉಪ್ಪೂ ಬೇಗ ಮಾಡುತ್ತದೆ, ಆದರೆ ಆಮೇಲೆ ಅಚ್ಚಿನ ಮೈಮೇಲೆ ಬಿಳಿ ಉಪ್ಪು ಉಕ್ಕುತ್ತದೆ, ಹಾಗಾಗಿ ನಾನು ಹಾಕುವುದಿಲ್ಲ. ತಡ ಮಾಡಬೇಕೆಂದರೆ ಸಿಟ್ರಿಕ್ ಆಮ್ಲ, ಒಂದು ಕಿಲೋ ಪುಡಿಗೆ ಹೆಚ್ಚೆಂದರೆ ಒಂದು ಗ್ರಾಂ. ತಡವಾದಷ್ಟೂ ಬಲ ಸ್ವಲ್ಪ ಕುಗ್ಗುತ್ತದೆ. ಒಂದು ಮಾತ್ರ ಯಾವತ್ತೂ ಬೇಡ: ಗಟ್ಟಿಯಾಗಲು ಶುರುವಾದ ಪ್ಲಾಸ್ಟರ್‌ಗೆ ನೀರು ಸೇರಿಸಿ ಮತ್ತೆ ಕಲಸುವುದು. ಹೆಣೆಯುತ್ತಿರುವ ಸೂಜಿಗಳೆಲ್ಲ ಮುರಿದು ಅದು ಬರೀ ಬಿಳಿ ಮಣ್ಣಾಗುತ್ತದೆ. ಇಟಲಿಯ ಹಳೆಯ ಚಿತ್ರಕಾರರು ಇದನ್ನೇ ಬೇಕಂತಲೇ ಮಾಡುತ್ತಿದ್ದರು. ಜಾಸ್ತಿ ನೀರಿನಲ್ಲಿ ಪ್ಲಾಸ್ಟರ್ ಹಾಕಿ, ಗಟ್ಟಿಯಾಗದಂತೆ ದಿನಾ ಕದಡುತ್ತಾ, ತಿಂಗಳಾದ ಮೇಲೆ ಸಿಗುವ ಮೆತ್ತನೆಯ ಬಿಳಿಯನ್ನು ಅಂಟಿನ ಜೊತೆ ಸೇರಿಸಿ ಮರದ ಹಲಗೆಗೆ ಬಳಿಯುತ್ತಿದ್ದರು.

ಒಣಗಿಸುವ ವಿಷಯದಲ್ಲಿ ತಕ್ಕಡಿಯನ್ನೇ ನಂಬುತ್ತೇನೆ. ಮೇಲೆ ಹೇಳಿದ ಒಂದು ಲೀಟರ್ ಅಚ್ಚು ಹಸಿ ಇದ್ದಾಗ ಸುಮಾರು 1,560 ಗ್ರಾಂ. ಪೂರ್ತಿ ಒಣಗಿದರೆ 1,090ರ ಹತ್ತಿರ. ಅಂದರೆ ಅರ್ಧ ಕಿಲೋಗೆ ಹತ್ತಿರದಷ್ಟು ನೀರು ಗಾಳಿಗೆ ಹೋಗಬೇಕು. ತಕ್ಕಡಿ ಹತ್ತಿರ ಇಲ್ಲದಿದ್ದರೆ ಅಚ್ಚನ್ನು ಕೆನ್ನೆಗೆ ತಾಗಿಸಿ, ತಣ್ಣಗಿದ್ದರೆ ಇನ್ನೂ ನೀರಿದೆ. ಗಾಳಿಯಾಡುವ ಜಾಗ ಸಾಕು, ಬಿಸಿ ಗಾಳಿ ಕೊಟ್ಟರೂ 45 ಡಿಗ್ರಿ ದಾಟಿಸಬೇಡಿ. ಜಾಸ್ತಿ ಬಿಸಿಯಾದರೆ ಮೂಲೆ, ಅಂಚುಗಳು ಮತ್ತೆ ಹುರಿದ ಪುಡಿಯಾಗಲು ಹೊರಡುತ್ತವೆ, ಬೆರಳಿಟ್ಟರೆ ಹಿಟ್ಟು ಉದುರುತ್ತದೆ.

ಒಣಗಿದ ಅಚ್ಚಿಗೆ ನೀರಾಗಿ ಕಲಸಿದ ಜೇಡಿಮಣ್ಣು, ನಾವು ಸ್ಲಿಪ್ ಅನ್ನುವುದು, ತುಂಬಿದರೆ ಗೋಡೆಯ ರಂಧ್ರಗಳು ನೀರು ಹೀರುತ್ತವೆ. ಗೋಡೆಗೆ ಒತ್ತಿಕೊಂಡು ಮಣ್ಣಿನ ಪದರ ಬೆಳೆಯುತ್ತದೆ. ಬೇಕಾದಷ್ಟು ದಪ್ಪ ಬಂದಾಗ ಉಳಿದ ಸ್ಲಿಪ್ ಬಗ್ಗಿಸಿ ತೆಗೆದರೆ ಪಾತ್ರೆ ಒಳಗೆ ನಿಂತಿರುತ್ತದೆ. ಒಣಗಿ ಕುಗ್ಗಿದಾಗ ತಾನೇ ಬಿಡಿಸಿಕೊಳ್ಳುತ್ತದೆ. ಪ್ರತಿ ಸಲವೂ ಅಚ್ಚಿನ ಮೈ ಒಂದು ಚೂರು ಕರಗುತ್ತದೆ. ಸಣ್ಣ ಚಿತ್ತಾರ ಮೊದಲು ಮಾಸುತ್ತದೆ, ಆಮೇಲೆ ಹೀರುವ ಶಕ್ತಿ ಕುಂದುತ್ತದೆ. ಹಾಗಾಗಿ ಮೂಲ ಮಾದರಿಯನ್ನು ಜೋಪಾನವಾಗಿ ಎತ್ತಿಡಿ. ನೀರಿನಲ್ಲಿ ಸ್ವಲ್ಪ ಕರಗುವ ಗುಣ ಇರುವುದರಿಂದಲೇ ಜಿಪ್ಸಂ ಕೆಲಸ ಮಳೆಗೆ ಒಡ್ಡುವಂಥದ್ದಲ್ಲ. ಒಳಗೆ ಕಬ್ಬಿಣದ ಮೊಳೆ ಸಿಕ್ಕಿಸಿದರೆ ತುಕ್ಕಿನ ಕಲೆ ಹೊರಗೆ ಬರುತ್ತದೆ, ಸಿಮೆಂಟಿನ ಹಾಗೆ ಇದು ಕಬ್ಬಿಣವನ್ನು ಕಾಯುವುದಿಲ್ಲ.

ಸಿಮೆಂಟ್ ಅಂದಾಗ ನೆನಪಾಯಿತು. ನಮ್ಮ ಸುತ್ತ ಇರುವ ಜಿಪ್ಸಂನಲ್ಲಿ ಬಹಳಷ್ಟು ಕಣ್ಣಿಗೆ ಕಾಣುವುದೇ ಇಲ್ಲ. ಸಿಮೆಂಟ್ ಅರೆಯುವಾಗ ಕ್ಲಿಂಕರ್, ಅಂದರೆ ಗೂಡಿನಲ್ಲಿ ಸುಟ್ಟು ಬಂದ ಸಿಮೆಂಟಿನ ಉಂಡೆಗಳ ಜೊತೆ ಶೇಕಡ 3ರಿಂದ 5ರಷ್ಟು ಜಿಪ್ಸಂ ಸೇರಿಸುತ್ತಾರೆ. ಅದಿಲ್ಲದಿದ್ದರೆ ನೀರು ಹಾಕಿದ ಕೆಲವೇ ನಿಮಿಷದಲ್ಲಿ ಸಿಮೆಂಟ್ ಬಿಗಿದುಕೊಂಡು ಕೆಲಸಕ್ಕೆ ಬಾರದೆ ಹೋಗುತ್ತದೆ. ತಾನು ಬೇಗ ಗಟ್ಟಿಯಾಗುವ ವಸ್ತು ಇನ್ನೊಂದನ್ನು ತಡ ಮಾಡಲು ಬಳಕೆಯಾಗುತ್ತದೆ, ತಮಾಷೆ ಅಲ್ವಾ.

ಸೀಲಿಂಗ್, ಗೋಡೆಗಳ ಜಿಪ್ಸಂ ಬೋರ್ಡ್ ಕಥೆಗೆ ಮತ್ತೆ ನೀರೇ ನಾಯಕ. ಕಾಗದದ ಪದರಗಳ ನಡುವೆ ಪ್ಲಾಸ್ಟರ್ ಇಟ್ಟು ಬೋರ್ಡ್ ಮಾಡುವುದಕ್ಕೆ 1894ರಲ್ಲಿ ಅಮೆರಿಕದ ಅಗಸ್ಟಿನ್ ಸ್ಯಾಕೆಟ್ ಪೇಟೆಂಟ್ ಪಡೆದ. ಬೆಂಕಿ ಬಿದ್ದರೆ ಹರಳಿನ ನೀರು ಆವಿಯಾಗಲು ಶುರುವಾಗುತ್ತದೆ. ಅದು ಮುಗಿಯುವ ತನಕ ಬೋರ್ಡಿನ ಹಿಂಬದಿ ನೂರು ಡಿಗ್ರಿಯ ಆಸುಪಾಸಿನಲ್ಲೇ ತಡೆದು ನಿಲ್ಲುತ್ತದೆ. ನಾನು ಎರಡು ಬೆರಳು ದಪ್ಪದ ಒಣ ಫಲಕಕ್ಕೆ ಗ್ಯಾಸ್ ಟಾರ್ಚ್ ಹಿಡಿದು ನೋಡಿದ್ದೇನೆ. ಮುಂಭಾಗ ಕೆಂಪಗೆ ಕಾದಿದ್ದರೂ ಹಿಂಬದಿಯಲ್ಲಿ ಮೊದಲು ಕಂಡದ್ದು ಒದ್ದೆ ಕಲೆ. ಬಾಣಲೆಯಲ್ಲಿ ಥರ್ಮಾಮೀಟರ್ ನಿಂತುಬಿಡುತ್ತದಲ್ಲ, ಅದೇ ಇಲ್ಲಿ ಮನೆ ಕಾಯುವ ಕೆಲಸ ಮಾಡುತ್ತದೆ.

ಹೊಲಕ್ಕೆ ಹಾಕುವ ಜಿಪ್ಸಂ ಏನು ಮಾಡುತ್ತದೆ ಅನ್ನುವುದು ನನಗೆ ತಿಳಿದದ್ದು ಕೈ ತೊಳೆದ ನೀರಿನಿಂದ. ಸ್ಲಿಪ್ ತೊಳೆದ ನೀರು ದಿನಗಟ್ಟಲೆ ಹಾಲಿನಂತೆ ಕದಡಿಯೇ ಇರುತ್ತದೆ. ಜೇಡಿಯ ಕಣಗಳಿಗೆ ಸೋಡಿಯಂ ಅಂಟಿಕೊಂಡಿದ್ದರೆ ಅವು ಒಂದನ್ನೊಂದು ದೂಡುತ್ತಾ ತೇಲುತ್ತಲೇ ಇರುತ್ತವೆ. ಎರಡು ಗಾಜಿನ ಜಾಡಿಯಲ್ಲಿ ಇದೇ ನೀರು ತುಂಬಿ, ಒಂದಕ್ಕೆ ಮಾತ್ರ ಅರ್ಧ ಚಮಚ ಹಸಿ ಜಿಪ್ಸಂ ಪುಡಿ ಹಾಕಿ ಕಲಕಿ. ಸ್ವಲ್ಪ ಹೊತ್ತಿಗೆ ಅದರಲ್ಲಿ ಕಣಗಳು ಗುಂಪು ಗುಂಪಾಗಿ, ಹಿಂಜಿದ ಹತ್ತಿಯ ಚೂರಿನಷ್ಟಾಗಿ, ಕೆಳಗೆ ಇಳಿಯುವುದು ಕಾಣುತ್ತದೆ. ಮೇಲೆ ತಿಳಿ ನೀರು. ಕ್ಯಾಲ್ಸಿಯಂ ಬಂದು ಸೋಡಿಯಂನ ಜಾಗ ಹಿಡಿದದ್ದರ ಫಲ ಇದು. ಕ್ಷಾರ ಮಣ್ಣಿನಲ್ಲಿ ನಡೆಯುವುದೂ ಇದೇ. ಕಣಗಳು ಗುಂಪಾದಾಗ ಮಣ್ಣಿನಲ್ಲಿ ಸಂದು ಬಿಡುತ್ತದೆ, ನೀರು ಇಂಗುತ್ತದೆ, ಬಿಡುಗಡೆಯಾದ ಸೋಡಿಯಂ ನೀರಿನ ಜೊತೆ ಕೆಳಗೆ ಹೋಗುತ್ತದೆ. ಕೆಳಗೆ ಹೋಗಲು ದಾರಿ ಇಲ್ಲದಿದ್ದರೆ, ಬಸಿಗಾಲುವೆ ಇಲ್ಲದ ಜೌಗು ಹೊಲದಲ್ಲಿ, ಎಷ್ಟು ಜಿಪ್ಸಂ ಸುರಿದರೂ ದಂಡವೇ. ಸೋಡಿಯಂ ತೊಂದರೆಯೇ ಇಲ್ಲದ ಮಣ್ಣಿಗೆ ಈ ಕೆಲಸಕ್ಕಾಗಿ ಹಾಕುವುದೂ ಅಷ್ಟೇ. ಹುಳಿ ಮಣ್ಣಿಗೆ ಸುಣ್ಣದ ಬದಲು ಇದನ್ನು ಹಾಕುವವರೂ ಇದ್ದಾರೆ. ಜಿಪ್ಸಂ ಹುಳಿ ತೆಗೆಯುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಅದರಲ್ಲಿ ಹೇಳಿದಷ್ಟು ಮಾತ್ರ ಹಾಕುವುದು ಒಳ್ಳೆಯದು.

ಕೊನೆಗೆ ಉಳಿದ ಚೂರುಗಳು. ಕಲಸಿ ಉಳಿದ ಪ್ಲಾಸ್ಟರನ್ನು ಸಿಂಕಿಗೆ ಸುರಿಯಬೇಡಿ. ಅದು ನೀರಿನೊಳಗೂ ಗಟ್ಟಿಯಾಗುತ್ತದೆ, ಪೈಪು ಒಡೆಯುವುದೊಂದೇ ದಾರಿಯಾಗುತ್ತದೆ. ಮೆದು ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಬಿಟ್ಟು, ಗಟ್ಟಿಯಾದ ಮೇಲೆ ಬಕೆಟ್ ಹಿಸುಕಿದರೆ ಚಕ್ಕೆಯಾಗಿ ಉದುರುತ್ತದೆ. ಒದ್ದೆ ಕಸದ ಜೊತೆ ಹೂಳುವುದೂ ಬೇಡ, ಗಾಳಿಯಿಲ್ಲದ ಕಡೆ ಬ್ಯಾಕ್ಟೀರಿಯಾಗಳು ಅದರಿಂದ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಮಾಡುತ್ತವೆ, ಅದು ವಿಷ. ನಾನು ಮುರಿದ ಅಚ್ಚುಗಳನ್ನು ಒಣಗಿಸಿ, ಕುಟ್ಟಿ, ಮತ್ತೆ ಬಾಣಲೆಗೆ ಹಾಕುತ್ತೇನೆ. ಮತ್ತೆ ಅದೇ ಕುದಿತ, ಅದೇ ತೂಕದ ಲೆಕ್ಕ. ಹೀಗೆ ಬಂದ ಪುಡಿ ತುಂಬ ನುಣುಪು, ಹದಕ್ಕೆ 100ಕ್ಕೆ 80ರ ಮೇಲೆ ನೀರು ಕೇಳುತ್ತದೆ, ಬೇಗ ಬಿಗಿಯುತ್ತದೆ, ಬಲವೂ ಕಮ್ಮಿ. ಅಚ್ಚಿನ ಒಳಮೈಗೆ ಇದು ಆಗುವುದಿಲ್ಲ. ಅಚ್ಚಿನ ಹಿಂಬದಿ ತುಂಬಲು, ಅಳತೆ ನೋಡುವ ಕಚ್ಚಾ ಮಾದರಿಗೆ ಬಳಸುತ್ತೇನೆ. ಸೋಪು, ಉಪ್ಪು ಕುಡಿದ ಹಳೆಯ ಅಚ್ಚುಗಳನ್ನು ಮಾತ್ರ ಹುರಿಯುವುದಕ್ಕೆ ಹಾಕಬೇಡಿ, ಕಲಸುವಾಗ ನೊರೆ ಬರುತ್ತದೆ.